ಅಂಗಿಯ ಮೇಲಿನ ಕೂದಲು

ಕೂದಲು! ಅದೂ ಮೊಳದುದ್ದದ್ದು!

ಹೊಸದಾಗಿ ಸೇರಿದವನ ಹೆಗಲ ಮೇಲೆ ಅದನ್ನು ಕಂಡದ್ದೇ ತಡ, ಟೀಚರ್ ಮುಖ ಬಿಗಿಯಿತು. ಅಲ್ಲ, ಸಂಜೆ ಕ್ಲಾಸಿಗೆ ಇಂಗ್ಲಿಷ್ ಕಲಿಯಲು ಬಂದವನ ಅಂಗಿಯ ಮೇಲೆ ಏನಿದ್ದರೆ ಇವಳಿಗೇನು? ಆದರೆ ಬಾಗಿಲಲ್ಲಿ ನಿಂತು "ಒಳಗೆ ಬರಲಾ?" ಎಂದ ಆ ಧ್ವನಿಗೆ ಅವಳ ಕೈಯ ಚಾಕ್‌ಪೀಸ್ ಮುರಿದಿತ್ತಲ್ಲ...

"ವಾಟ್ ಡೂ ಯೂ ಡೂ?" ಗಡುಸಾಗಿಯೇ ಕೇಳಿದಳು. ಏನು ಕೆಲಸ ಅಂತ.

"ಐ ಆಮ್ ಸಿಟ್ಟಿಂಗ್."

ಕ್ಲಾಸು ಗೊಳ್ಳೆಂದಿತು. ಅಂದಿನಿಂದ ಅವನು ಎಲ್ಲರ ಬಾಯಲ್ಲಿ ಸಿಟ್ಟಿಂಗ್ ಸಾಹೇಬ.

"ದಿನಾ ಮಾಡೋದಕ್ಕೆ ‘ಐ ವರ್ಕ್’. ಈಗ ನಡೀತಿರೋದಕ್ಕೆ ‘ಐ ಆಮ್ ವರ್ಕಿಂಗ್’. ಸ್ವಲ್ಪ ದಿನ ನಡೆದು ಮುಗಿದುಹೋಗೋದಕ್ಕೂ ಹೀಗೇ ಹೇಳ್ತೀವಿ," ಎಂದಳು ಟೀಚರ್. ಉದಾಹರಣೆಗೆ ಮನೆಯ ಸಂಗತಿಯನ್ನೇ ತರುವುದು ಅವಳ ಅಭ್ಯಾಸ. "ನಮ್ಮಕ್ಕ ಲೈಬ್ರರಿಯಲ್ಲಿ ಕೆಲಸ ಮಾಡ್ತಾಳೆ. ಶೀ ವರ್ಕ್ಸ್. ಈಗ ಟ್ರೀಟ್‌ಮೆಂಟ್ ನಡೀತಿದೆ, ಕೂದಲು ಉದುರ್ತಿದೆ. ಶೀ ಈಸ್ ಲೂಸಿಂಗ್ ಹರ್ ಹೇರ್."

ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು. ಹೊಸಬ ಮಾತ್ರ ತಲೆಯೆತ್ತಿ ಅವಳನ್ನೇ ನೋಡಿದ.

ಆಮೇಲೆ ಅವನು ದಿನಾ ಉಳಿದು ಬೋರ್ಡ್ ಒರೆಸಿಕೊಟ್ಟ. ಬಸ್ ಸ್ಟಾಪಿನವರೆಗೂ ಜೊತೆಗೆ ನಡೆದ. ಅಕ್ಕನ ಆರೋಗ್ಯ ವಿಚಾರಿಸದ ದಿನವಿಲ್ಲ. ಟೀಚರ್ ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಹೆಚ್ಚಾಯಿತು!

ಆದರೆ ಆ ಕೂದಲು... ಒಂದು ದಿನ ಬೆಳ್ಳಗಿನದು. ಇನ್ನೊಂದು ದಿನ ಗುಂಗುರು ಗುಂಗುರಾದ ಕೆಂಚುಗೂದಲು.

‘ಇವನಿಗೆ ಒಂದು ಸಂಸಾರವೋ, ಮೂರೋ?’

ಒಮ್ಮೆ ನಂಬಿ ಕೆಟ್ಟವಳು ಅವಳು. ಮದುವೆ ನಿಶ್ಚಯವಾದ ಮೇಲೆ ವರನಿಗೆ ಆಗಲೇ ಇನ್ನೊಂದು ಸಂಸಾರವಿದೆ ಎಂದು ತಿಳಿದಿತ್ತು. ಮತ್ತೊಮ್ಮೆ ಅಂಥದ್ದನ್ನು ತಡೆದುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ.

"ಯಾರೇ ಅವನು? ಮನೆಗೆ ಕರ್ಕೊಂಡು ಬಾ," ಎಂದಳು ಅಕ್ಕ. ಮರುಕ್ಷಣವೇ ತಲೆಯ ಬಟ್ಟೆಯನ್ನು ಕೆಳಗೆಳೆದುಕೊಂಡಳು. "ಬೇಡ ಬಿಡು. ನಾನು ಹೀಗಿರೋವಾಗ ಬೇಡ." ಕಾಲಿಂಗ್ ಬೆಲ್ ಆದರೆ ಕೋಣೆ ಸೇರುವವಳು ಅವಳು.

ಟೀಚರ್ ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳಿದಳು. ಅವನದು ಅದೇ ಉತ್ತರ, "ಐ ಆಮ್ ಸಿಟ್ಟಿಂಗ್." ಉಳಿದ ವಾಕ್ಯಗಳನ್ನೆಲ್ಲ ನೀರು ಕುಡಿದಷ್ಟು ಸಲೀಸಾಗಿ ಹೇಳುವವನು ಇದೊಂದಕ್ಕೇ ಏಕೆ ತಪ್ಪುತ್ತಾನೆ? ಬೇಕೆಂದೇ! ಏನೋ ಮುಚ್ಚಿಡುತ್ತಿದ್ದಾನೆ!

ಅಂದು ಕ್ಲಾಸಿನ ನಡುವೆ ಅವನಿಗೆ ಫೋನ್ ಬಂತು. ಹೊರಗೆ ಹೋಗಿ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿತ್ತು.

"ಕೂದಲು ಒಣಗಿತಾ? ಹಾಗೇ ಬಿಡಿ. ಜಡೆ ನಾನೇ ಬಂದು ಹೆಣೀತೀನಿ."

ಅಷ್ಟು ಸಾಕಾಯಿತು. ಅವನು ಹಾಗೇ ಹೊರಟದ್ದು ಕಂಡು, ಕ್ಲಾಸಿಗೆ ರಜೆ ಕೊಟ್ಟು ಅವನ ಹಿಂದೆಯೇ ಹೊರಟಳು. ಔಷಧಿ ಅಂಗಡಿ ದಾಟಿ, ಬೀಗದಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ, ಬಾಗಿಲನ್ನು ಧಡಾರನೆ ತಳ್ಳಿದಳು.

"ಎಲ್ಲಿ ಅವಳು?"

ಒಳಗೆ ಸಾಲಾಗಿ ಮರದ ತಲೆಗಳು! ಒಂದಕ್ಕೆ ಕರಿಗೂದಲು, ಒಂದಕ್ಕೆ ಬಿಳಿಗೂದಲು, ಇನ್ನೊಂದಕ್ಕೆ ಕೆಂಚು ಗುಂಗುರು. ಬಲೆಯ ಟೋಪಿಗೆ ಕೂದಲು ಗಂಟು ಹಾಕುತ್ತಿದ್ದ ಹೆಂಗಸರು ಬಾಯಿಬಿಟ್ಟು ನೋಡಿದರು. ಅವನ ಕೈಯಲ್ಲಿ ಅರ್ಧ ಹೆಣೆದ ಜಡೆಯಿತ್ತು.

"ವಿಗ್..." ಎಂದಳು ಟೀಚರ್. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಇದೇ ನನ್ನ ಕೆಲಸ," ಅವನು ತಲೆ ತಗ್ಗಿಸಿದ. "ಹೆಣ್ಣು ನೋಡೋಕೆ ಹೋದ ಮನೇಲಿ ಹೇಳಿದ್ದೆ. ‘ಸತ್ತವರ ಕೂದಲಾ?’ ಅಂತ ಎದ್ದೇಹೋದರು. ನೀವೂ ಎದ್ದುಹೋದರೆ ಅಂತ ಹೆದರಿ..."

"ಅದಕ್ಕೆ ದಡ್ಡನ ಥರ ನಟಿಸಿದ್ರಾ? ನಾನು ಎಷ್ಟು ನಿದ್ದೆ ಕೆಡಿಸ್ಕೊಂಡಿದ್ದೀನಿ ಗೊತ್ತಾ!"

ಅವನು ಜಡೆ ಕೆಳಗಿಟ್ಟ. ಮೂಲೆಯ ಮರದ ತಲೆಯ ಮೇಲಿನ ಬಟ್ಟೆ ಸರಿಸಿದ. ಭುಜದವರೆಗೆ ಬರುವ ಕಪ್ಪುಗೂದಲು, ಟೀಚರ್ ಕೂದಲಿನದೇ ಬಣ್ಣ.

"ಅಕ್ಕತಂಗಿಯರ ಕೂದಲು ಒಂದೇ ಥರ ಇರುತ್ತೇನೋ ಅಂತ... ಕ್ಲಾಸಲ್ಲಿ ನಿಮ್ಮದನ್ನೇ ನೋಡ್ತಿದ್ದೆ. ಅಕ್ಕನ ತಲೆ ಅಳತೆ ಗೊತ್ತಿಲ್ಲ, ಅಂಚು ಮಾತ್ರ ಹೊಲಿದಿಲ್ಲ."

ಟೀಚರ್ ಅದನ್ನು ಮುಟ್ಟಿದಳು. ಇಷ್ಟು ದಿನ ಶಪಿಸಿದ ಕೂದಲು ಇದೇ ಇರಬಹುದು... ಕಣ್ಣು ತುಂಬಿ ಬಂತು.

"ಅಳಬೇಡಿ. ಇದು ಸ್ವಲ್ಪ ದಿನಕ್ಕೆ ಮಾತ್ರ, ನೀವೇ ಹೇಳಿಕೊಟ್ಟಿದ್ದು. ಈಗ ನಡೀತಿದೆ, ಆಮೇಲೆ ಮುಗಿದುಹೋಗುತ್ತೆ. ಅಕ್ಕನ ಕೂದಲು ಮತ್ತೆ ಬರುತ್ತೆ."

ಮೂಗು ಒರೆಸಿಕೊಂಡು ಅವಳು ಮೆಲ್ಲಗೆ ಕೇಳಿದಳು, "ಮತ್ತೆ ನನ್ನ ಜೊತೆ ಬಸ್ ಸ್ಟಾಪಿಗೆ ಬರೋದು? ಅದೂ ಸ್ವಲ್ಪ ದಿನಕ್ಕೇನಾ?"

"ಅಲ್ಲ ಟೀಚರ್. ಅದು ದಿನಾ."

ಹೆಂಗಸರು ಮುಸಿಮುಸಿ ನಕ್ಕರು. ಅವನ ಹೆಗಲ ಮೇಲಿನ ಕೂದಲೆಳೆಯನ್ನು ಟೀಚರ್ ತನ್ನ ಕೈಯಾರೆ ತೆಗೆದಳು.

"ಹಾಗಾದ್ರೆ ಅಳತೆ ಟೇಪ್ ತಗೊಳ್ಳಿ. ಅಕ್ಕ ಮನೇಲಿದ್ದಾಳೆ."