ಬೆಳಗಾದರೆ ಉರಿಯುವ ಹೀಟರ್

ರಿಯಾ ಬಂದಾಗ ನಾನೂ ಡಾಕ್ಟರಮ್ಮನೂ ಹಿತ್ತಲಲ್ಲಿ ಕರಿಬೇವಿನ ಗಿಡಕ್ಕೆ ಹಳೆಯ ಬೆಡ್‌ಶೀಟ್ ಹೊದಿಸುತ್ತಿದ್ದೆವು. ಆ ವಾರ ಹ್ಯೂಸ್ಟನ್ ಪಕ್ಕದ ನಮ್ಮ ಕೇಟಿಯಲ್ಲಿ ಹುಲ್ಲಿನ ಮೇಲಿನ ಇಬ್ಬನಿಯೂ ಹೆಪ್ಪುಗಟ್ಟುವಷ್ಟು ಚಳಿ. ಹುಡುಗಿ ಮಾತಿಲ್ಲದೆ ಬೆಡ್‌ಶೀಟಿನ ಒಂದು ತುದಿ ಹಿಡಿದುಕೊಂಡಳು. ಗಂಟು ಬಿಗಿದಾದ ಮೇಲೆ ಹೇಳಿದಳು.

"ಆಂಟಿ, ಅಪ್ಪನ್ನ ಕುಶಾಲ್ ಸಾಯಿಸೋಕೆ ನೋಡಿದನಂತೆ. ಅಪ್ಪನೇ ಹಾಗಂತಿದ್ದಾರೆ."

ಡಾಕ್ಟರಮ್ಮ ಅಂದರೆ ತುಳಸಿಯವರು. ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ, ಸತ್ತವರು ಯಾಕೆ ಸತ್ತರು ಎಂದು ಹುಡುಕುವ ಕೆಲಸ ಮಾಡಿದವರು. ನಿವೃತ್ತಿಯಾದ ಮೇಲೆ ಬದುಕಿರುವವರು ತಮ್ಮ ಗಂಟುಗಳನ್ನು ತಂದು ಅವರ ಮುಂದೆ ಇಡುತ್ತಾರೆ. ನಾನು ಚನ್ನವೀರಪ್ಪ. ಗದಗಿನ ಕಡೆ ಲಾರಿ ಓಡಿಸಿದವನು, ಆಮೇಲೆ ಇಲ್ಲಿನ ಹಿಲ್‌ಕ್ರಾಫ್ಟ್ ರಸ್ತೆಯ ದಿನಸಿ ಅಂಗಡಿಯೊಂದರ ವ್ಯಾನು ಓಡಿಸಿದವನು. ಡಾಕ್ಟರಮ್ಮನ ಕಣ್ಣು ಮಂಜಾದ ಮೇಲೆ ಅವರ ಕಾರು ನನ್ನ ಕೈಯಲ್ಲಿದೆ, ಅವರ ಹಿಂದಿನ ಕೋಣೆಯಲ್ಲಿ ನನ್ನ ಹಾಸಿಗೆ.

ಒಳಗೆ ಕೂತು ರಿಯಾ ಎಲ್ಲ ಹೇಳಿದಳು. ಅವಳ ಅಪ್ಪ ಪ್ರಕಾಶರು ಎನರ್ಜಿ ಕಾರಿಡಾರ್ ಎಂಬ ಬಡಾವಣೆಯ ಎಣ್ಣೆ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದವರು. ಜತೆಯವರಿಂದ ಜಿಂಕೆ ಬೇಟೆಯ ಹುಚ್ಚು ಹತ್ತಿ, ಪ್ರತಿ ಚಳಿಗಾಲ ಲ್ಯಾನೋ ಎಂಬ ಊರಿನ ಹತ್ತಿರ ಗುತ್ತಿಗೆಗೆ ಹಿಡಿದ ಕಾಡಿಗೆ ಹೋಗುತ್ತಿದ್ದರು. ಹೆಂಡತಿ ಪ್ರೇಮಮ್ಮ ಒಮ್ಮೆಯೂ ಹೋದವರಲ್ಲ. ಈ ಸಲ ಬರುತ್ತೇನೆಂದರು, ಮೂರು ಷರತ್ತು ಹಾಕಿ: ಮಲಗಲು ಮಂಚ, ಅಡುಗೆಗೆ ಒಲೆ, ರಾತ್ರಿ ಬೆಚ್ಚಗಿರಬೇಕು.

ಅಲ್ಲಿಂದ ಎರಡು ತಿಂಗಳು ಆ ಮನೆಯಲ್ಲಿ ಯಾವ ಗಾಡಿ ಎನ್ನುವುದೇ ಮಾತು. ಕಾರಿನ ನೆತ್ತಿಯ ಮೇಲೆ ಬಿಚ್ಚುವ ಟೆಂಟನ್ನು ಪ್ರೇಮಮ್ಮನ ಮಂಡಿಗಳು ಒಪ್ಪಲಿಲ್ಲ. ರಿಯಾಳ ಗಂಡ, ಅಳಿಯ ಕುಶಾಲನಿಗೆ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರೇಲರ್ ಬೇಕು, ಒಳಗೆ ಎದ್ದು ನಿಂತು ಓಡಾಡಬಹುದು ಅಂತ. ಮಾವನಿಗೆ ಪಿಕಪ್ ಗಾಡಿಯ ಬೆನ್ನಿನ ಮೇಲೆ ಕೂರಿಸುವ ಪುಟ್ಟ ಕೋಣೆ, ಕ್ಯಾಂಪರೇ ಆಗಬೇಕು. ಆಸ್ಟಿನ್ನಿನಲ್ಲಿ ಎಂ.ಎಸ್. ಓದುವ ರಕ್ಷಿತ್ ಎಂಬ ಹುಡುಗ ಬಿಡುವಿನಲ್ಲಿ ಅಂಥವನ್ನು ಕಟ್ಟುತ್ತಿದ್ದ. ಪ್ರಕಾಶರು ಅವನಿಂದಲೇ ಕಟ್ಟಿಸಿದರು. ಕುಶಾಲ್ ಒಳಗೆ ಇಣುಕಿ, "ಮಾವ, ಇದು ಮನೆ ಅಲ್ಲ, ಬೀರು. ನಾನಂತೂ ಹೊರಗೆ ಟೆಂಟಲ್ಲಿ ಮಲಗ್ತೀನಿ," ಅಂದಿದ್ದ.

ರಿಯಾಳಿಗೆ ರಜೆ ಸಿಗಲಿಲ್ಲ. ಗಾಡಿ ಹೇಗೆ ನಡೆಯುತ್ತದೆ ನೋಡಲು ಬಂದ ರಕ್ಷಿತನೂ ಸೇರಿ ನಾಲ್ಕೇ ಜನ ಹೋದರು. ಗಂಡ ಹೆಂಡತಿ ಕ್ಯಾಂಪರಿನಲ್ಲಿ, ಕುಶಾಲನೂ ರಕ್ಷಿತನೂ ಟೆಂಟಿನಲ್ಲಿ. ಎರಡು ರಾತ್ರಿಯೂ, ಮಲಗುವಾಗ ಬೆಚ್ಚಗಿದ್ದ ಕ್ಯಾಂಪರ್ ಬೆಳಗಿನ ಜಾವಕ್ಕೆ ಐಸ್ ಪೆಟ್ಟಿಗೆ. ಪ್ರೇಮಮ್ಮ ಮಂಕಿ ಕ್ಯಾಪು, ಎರಡು ರಜಾಯಿಯಲ್ಲಿ ಹುದುಗಿದ್ದರಿಂದ ಅವರಿಗೆ ತಿಳಿಯಲಿಲ್ಲ. ಹೀಟರಿನ ಜಂಬದಲ್ಲಿ ಪ್ರಕಾಶರು ಬನಿಯನ್ನಿನಲ್ಲಿ ಮಲಗಿದ್ದರು. ಮೂರನೆಯ ದಿನ ಜ್ವರ, ನ್ಯುಮೋನಿಯಾ, ನಾಲ್ಕು ದಿನ ಆಸ್ಪತ್ರೆ.

ಕೇಟಿಯ ರಿಪೇರಿ ಅಂಗಡಿಯಲ್ಲಿ ಅವರದೇ ಸಿಲಿಂಡರ್ ಜೋಡಿಸಿ ಹೀಟರನ್ನು ಇಡೀ ದಿನ ಉರಿಸಿ ನೋಡಿದರೆ ಎಳ್ಳಷ್ಟೂ ದೋಷವಿಲ್ಲ. ಹಾಗಾದರೆ ಯಾರೋ ಗ್ಯಾಸ್ ಮುಚ್ಚಿದ್ದಾರೆ ಎಂದಾಯಿತು. ಎರಡು ರಾತ್ರಿಯೂ ಕುಶಾಲ್ ಟೆಂಟಿನಲ್ಲಿರಲಿಲ್ಲ ಎಂದು ರಕ್ಷಿತ್ ಬಾಯಿ ಬಿಟ್ಟ. ಎಲ್ಲಿದ್ದೆ ಎಂದರೆ ಕುಶಾಲ್ ಹೇಳಲಿಲ್ಲ. ಕ್ಯಾಂಪರ್ ಕೆಟ್ಟದೆಂದು ತೋರಿಸಲು ಮಾವನನ್ನೇ ಚಳಿಗೆ ಕೆಡವಿದ, ಇನ್ನು ಈ ಮನೆ ಹೊಸಿಲು ತುಳಿಯಬಾರದು ಎಂದುಬಿಟ್ಟರು ಪ್ರಕಾಶರು.

"ಕುಶಾಲ್ ಮೂರು ದಿನದಿಂದ ನನ್ನ ಹತ್ರನೂ ಮಾತಾಡ್ತಿಲ್ಲ," ಅಂದಳು ರಿಯಾ. "ನಾನು ಯಾವ ಕಡೆ ನಿಲ್ಲಲಿ ಆಂಟಿ?"

"ಸದ್ಯಕ್ಕೆ ಇಲ್ಲೇ ಕೂರು, ಚಹಾ ಕುಡಿ," ಅಂದರು ಡಾಕ್ಟರಮ್ಮ.

ಮರುದಿನ ಪ್ರಕಾಶರ ಮನೆಗೆ ಹೋದೆವು. ಕ್ಯಾಂಪರ್ ಹೊತ್ತ ಪಿಕಪ್ ಡ್ರೈವ್‌ವೇಯಲ್ಲೇ ನಿಂತಿತ್ತು. ಆಸ್ಟಿನ್ನಿನಿಂದ ಬಂದಿದ್ದ ರಕ್ಷಿತನ ಮುಖದಲ್ಲಿ ರಕ್ತವಿರಲಿಲ್ಲ. ಗ್ಯಾಸ್ ಸಿಲಿಂಡರ್ ಗಾಡಿಯ ಹೊರ ಮಗ್ಗುಲಿನ ಪೆಟ್ಟಿಗೆಯಲ್ಲಿ. ಅದಕ್ಕೆ ಬೀಗ, ಬೀಗದ ಕೈ ಒಂದೇ, ಅವನ ಪ್ಯಾಂಟಿನ ಬೆಲ್ಟ್ ಪಟ್ಟಿಗೆ ಸಿಕ್ಕಿಸಿದ್ದು. ಮಲಗುವಾಗಲೂ ತೆಗೆಯುವುದಿಲ್ಲವಂತೆ. ಪೆಟ್ಟಿಗೆ ತೆಗೆಸಿ ನಾನು ಸಿಲಿಂಡರನ್ನು ಎತ್ತಿ ನೋಡಿದೆ. ಎರಡು ರಾತ್ರಿ ಹೀಟರ್ ಉರಿದಿದ್ದರೆ ಇಷ್ಟು ಭಾರ ಇರುವುದಿಲ್ಲ.

ಒಳಗೆ ಎಲ್ಲ ಅಚ್ಚುಕಟ್ಟು. ಒಲೆಯ ಕೆಳಗೆ ಪುಟ್ಟ ಬಾಗಿಲು, ಅದರೊಳಗೆ ಹಿತ್ತಾಳೆಯ ವಾಲ್ವು. ಸಿಲಿಂಡರಿನಿಂದ ಬರುವ ಗ್ಯಾಸೆಲ್ಲ ಅದನ್ನು ದಾಟಿಯೇ ಒಲೆಗೂ ಹೀಟರಿಗೂ ಹೋಗಬೇಕು. ಏನಾದರೂ ಆದರೆ ಒಳಗಿನಿಂದಲೇ ಒಂದೇ ಕೈಗೆ ಎಲ್ಲ ನಿಲ್ಲಲಿ ಅಂತ ಹಾಗೆ ಇಟ್ಟೆ ಎಂದ ರಕ್ಷಿತ್.

ನಾನು ಮುಂದೆ ಹೋಗಿ ಡ್ರೈವರ್ ಬಾಗಿಲು ತೆಗೆದೆ. ಪಕ್ಕದ ಸೀಟು ಪೂರ್ತಿ ಹಿಂದಕ್ಕೆ ಬಿದ್ದಿತ್ತು, ಕಿಟಕಿ ಒಂದು ಬೆರಳಿನಷ್ಟು ಇಳಿದಿತ್ತು. ಡಾಕ್ಟರಮ್ಮನನ್ನು ಕರೆದೆ.

"ಅಮ್ಮಾರ, ಇಲ್ಲಿ ಯಾರೋ ಮಲಗ್ಯಾರ್ರೀ. ಕಿಟಕಿ ಹಿಂಗ ಬೆರಳಷ್ಟು ಬಿಡೋದು ಗಾಡಿಯಾಗ ನಿದ್ದಿ ಮಾಡೋರು ಮಾತ್ರ. ಇಲ್ಲಾಂದ್ರ ಉಸಿರು ಕಟ್ಟಿ ಗ್ಲಾಸೆಲ್ಲ ಬೆವರತೈತಿ."

ಅವರು ತಲೆಯಾಡಿಸಿದರು, ಅಷ್ಟೇ.

ಪ್ರೇಮಮ್ಮ ನಮ್ಮನ್ನು ಹಿತ್ತಲ ಕಡೆಯ ತೆರೆದ ಜಗಲಿಗೆ, ಪ್ಯಾಟಿಯೋಗೆ, ಕರೆದೊಯ್ದರು. ಒಗ್ಗರಣೆಯ ವಾಸನೆ ಕಾರ್ಪೆಟ್ಟಿಗೆ ಹಿಡಿಯಬಾರದೆಂದು ಇಲ್ಲಿನ ನಮ್ಮ ಹೆಂಗಸರು ಹೊರಗೊಂದು ಸಿಲಿಂಡರ್ ಒಲೆ ಇಟ್ಟುಕೊಳ್ಳುತ್ತಾರಲ್ಲ, ಅವರ ಅರ್ಧ ಅಡುಗೆಯೂ ಅಲ್ಲೇ. ಕಾಫಿಗೆ ಹಾಲು ಕಾಯಿಸುತ್ತಾ, ಕಾಡಿನ ರಾತ್ರಿಗಳ ಬಗ್ಗೆ ಡಾಕ್ಟರಮ್ಮ ಕೇಳಿದ್ದಕ್ಕೆಲ್ಲ ಹೇಳಿದರು. ಊಟವಾದ ಮೇಲೆ ಹಾಲು ಕಾಯಿಸಿ ಹೆಪ್ಪು ಹಾಕಿದ್ದು. ಪಾತ್ರೆ ತೊಳೆದು ಮಲಗಿದ್ದು. ಎರಡನೆಯ ಬೆಳಗು ಐದಕ್ಕೆ ಗಂಡನ ಹಲ್ಲು ಕಟಕಟ ಅನ್ನುವುದು ಕೇಳಿ ಎದ್ದು, ಮೊದಲು ಒಲೆ ಹಚ್ಚಿ ಬಿಸಿನೀರಿಗಿಟ್ಟು, ಆಮೇಲೆ ಟೆಂಟಿನ ಕಡೆ ಕೂಗಿದ್ದು. ಹೇಳುತ್ತಲೇ ಲೋಟಗಳಿಗೆ ಕಾಫಿ ಸುರಿದರು, ಒಲೆ ಆರಿಸಿದರು, ಬಗ್ಗಿ ಎದ್ದರು, ಸೆರಗಿಗೆ ಕೈ ಒರೆಸಿ ಬಿಸ್ಕತ್ತಿನ ಡಬ್ಬಿ ತೆಗೆದರು. ಮಾತು ಒಂದು ಕಡೆಯೂ ತುಂಡಾಗಲಿಲ್ಲ.

"ನೀನು ಕೂಗಿದಾಗ ಮೊದಲು ಬಂದವರು ಯಾರು?" ಎಂದು ಕೇಳಿದರು ಡಾಕ್ಟರಮ್ಮ.

ತಾನೇ ಎಂದ ರಕ್ಷಿತ್. ಬಂದಾಗ ಒಲೆ ಉರಿಯುತ್ತಿತ್ತು, ಒಲೆ ಕೆಳಗಿನ ವಾಲ್ವು ತೆರೆದೇ ಇತ್ತು, ಹೀಟರ್ ಮಾತ್ರ ಸತ್ತಿತ್ತು. ಸ್ವಿಚ್ಚನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದ, ಹೊತ್ತಿಕೊಂಡಿತು. ಅದಕ್ಕೇ ಅವನಿಗೆ ತಲೆಬುಡ ತಿಳಿಯಲಿಲ್ಲ.

ಶಾಲು ಹೊದ್ದು ಕೂತಿದ್ದ ಪ್ರಕಾಶರು, "ತಿಳಿಯೋಕೇನಿದೆ? ಮಾಡಿದವನು ಮಾಡಿ ಹೋದ," ಅಂದರು.

"ನಾಳೆ ಎಲ್ಲರೂ ಈ ಕ್ಯಾಂಪರಿನಲ್ಲೇ ಸೇರೋಣ ಪ್ರಕಾಶ್," ಅಂದರು ಡಾಕ್ಟರಮ್ಮ. "ಕುಶಾಲನೂ ಬರಲಿ. ಅದು ನಿಮ್ಮ ಮನೆ ಹೊಸಿಲಲ್ಲವಲ್ಲ."

ಭಾನುವಾರ ಮಧ್ಯಾಹ್ನ ಏಳು ಜನ ಆ ಬೀರುವಿನಲ್ಲಿ ಸೇರಿದೆವು, ಆರು ಜನ ಮಂಡಿಗೆ ಮಂಡಿ ತಾಗಿಸಿ ಕೂತೆವು. ಕುಶಾಲ್ ಕೂರಲು ಜಾಗ ಸಿಗದೆ ತೆರೆದ ಬಾಗಿಲಿಗೆ ಒರಗಿ ನಿಂತ. ಮಾವ ಕಿಟಕಿ ನೋಡುತ್ತಿದ್ದರು, ಅಳಿಯ ತನ್ನ ಬೂಟು ನೋಡುತ್ತಿದ್ದ. ನಡುವೆ ರಿಯಾ. ಡಾಕ್ಟರಮ್ಮ ಹೀಟರನ್ನು ಜೋರಾಗಿ ಇಡಿಸಿದರು, ಪ್ರೇಮಮ್ಮನಿಗೆ ಕಾಫಿ ಮಾಡಲು ಹೇಳಿದರು, ಲ್ಯಾನೋದ ದಾರಿ ಹೇಗಿದೆ, ಜಿಂಕೆ ಸಿಕ್ಕಿತೇ ಎಂದು ಬೇಡದ ಮಾತೆಲ್ಲ ಆಡಿದರು. ಕಾಫಿ ಮುಗಿಯಿತು. ಲೋಟ ತೊಳೆದಿಟ್ಟು ಪ್ರೇಮಮ್ಮ ಬಂದು ಕೂತರು.

ಒಂದೆರಡು ನಿಮಿಷವಾಗಿರಬೇಕು. ನನ್ನ ಕಾಲಿಗೆ ಬಡಿಯುತ್ತಿದ್ದ ಬಿಸಿಗಾಳಿ ತಣ್ಣಗಾಯಿತು.

ರಕ್ಷಿತ್ ಎದ್ದು ಹೀಟರಿನ ಮುಂದೆ ಕೈ ಹಿಡಿದ. "ಆಂಟಿ, ಆರಿದೆ."

"ಒಲೆ ಕೆಳಗೆ ನೋಡು," ಅಂದರು ಡಾಕ್ಟರಮ್ಮ.

ಅವನು ಪುಟ್ಟ ಬಾಗಿಲು ತೆಗೆದ. ವಾಲ್ವು ಮುಚ್ಚಿತ್ತು.

ಎಲ್ಲರೂ ಕುಶಾಲನ ಕಡೆ ನೋಡಿದರು. ಅವನು ಬಾಗಿಲು ಬಿಟ್ಟು ಕದಲಿರಲಿಲ್ಲ. ಆಗ ಒಬ್ಬೊಬ್ಬರಾಗಿ ಒಲೆಯ ಪಕ್ಕ ಕೂತವರ ಕಡೆ ತಿರುಗಿದರು. ಪ್ರೇಮಮ್ಮ ತಮ್ಮ ಬಲಗೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತಿದ್ದರು.

"ನಾನು... ಈಗ ಮುಚ್ಚಿದ್ನಾ?"

"ಮುಚ್ಚಿದೆ ಪ್ರೇಮಾ," ಅಂದರು ಡಾಕ್ಟರಮ್ಮ. " ನಿನ್ನೆ ಪ್ಯಾಟಿಯೋದಲ್ಲೂ ಹಾಗೇ ಸಿಲಿಂಡರ್ ಮುಚ್ಚಿದೆ. ನಿನ್ನ ಬಾಯಿ ಕಾಡಿನ ಕತೆ ಹೇಳ್ತಿತ್ತು, ಕೈ ತನ್ನ ಪಾಡಿಗೆ ಹೋಗಿ ಬಂತು."

ಆಮೇಲೆ ಡಾಕ್ಟರಮ್ಮ ಒಂದೊಂದಾಗಿ ಬಿಡಿಸಿದರು. ಸಿಲಿಂಡರ್ ಭಾರವಾಗಿತ್ತು ಅಂದರೆ ಹೀಟರ್ ರಾತ್ರಿ ಉರಿದೇ ಇಲ್ಲ, ಮಲಗಿದ ಕೂಡಲೇ ಗ್ಯಾಸ್ ನಿಂತಿದೆ. ಹೊರಗಿನ ಪೆಟ್ಟಿಗೆಯ ಬೀಗದ ಕೈ ರಕ್ಷಿತನ ಸೊಂಟದಲ್ಲಿ, ಆದ್ದರಿಂದ ಕುಶಾಲ್ ಅಲ್ಲ. ತಾನು ಕಟ್ಟಿದ್ದನ್ನು ತಾನೇ ಕೆಡಿಸಲು ರಕ್ಷಿತನಿಗೆ ಕಾರಣವಿಲ್ಲ. ಉಳಿದದ್ದು ಒಳಗಿನ ವಾಲ್ವು.

"ಗ್ಯಾಸ್ ಮುಚ್ಚಿದವರು ಯಾರು ಅಂತ ಎಲ್ಲರೂ ಕೇಳಿದಿರಿ. ತೆರೆದವರು ಯಾರು ಅಂತ ಯಾರೂ ಕೇಳಲಿಲ್ಲ. ಐದು ಗಂಟೆಗೆ ಒಲೆ ಹತ್ತಬೇಕಾದರೆ ಅಷ್ಟರಲ್ಲಿ ಯಾರೋ ವಾಲ್ವು ತಿರುಗಿಸಿರಬೇಕು. ರಕ್ಷಿತ್ ಬರುವ ಮೊದಲು ಒಲೆ ಮುಟ್ಟಿದ್ದು ಒಬ್ಬರೇ. ಹಚ್ಚುವ ಮೊದಲು ತೆರೆಯೋದು, ಮಲಗುವ ಮೊದಲು ಮುಚ್ಚೋದು, ಎರಡೂ ಒಂದೇ ಕೈಯ ಅಭ್ಯಾಸ. ಗ್ಯಾಸ್ ನಿಂತು ಮತ್ತೆ ಬಂದರೂ ಹೀಟರ್ ತಾನಾಗಿ ಹೊತ್ತೋದಿಲ್ಲ, ಸ್ವಿಚ್ ಆರಿಸಿ ಹಾಕಬೇಕು. ಅದಕ್ಕೇ ಬೆಳಗಾದರೆ ಸರಿ, ಅಂಗಡಿಯಲ್ಲೂ ಸರಿ. ಅಂಗಡಿಯಲ್ಲಿ ಯಾರೂ ರಾತ್ರಿ ಹಾಲು ಕಾಯಿಸಿ ಹೆಪ್ಪು ಹಾಕೋದಿಲ್ಲವಲ್ಲ."

ಪ್ರೇಮಮ್ಮ ತಮ್ಮ ಕೈಯನ್ನೇ ನೋಡುತ್ತಾ ಹೇಳಿದರು. ಮೈಸೂರಿನಲ್ಲಿ ಅವರು ಚಿಕ್ಕವರಿದ್ದಾಗ ಪಕ್ಕದ ಮನೆಯ ಸೊಸೆ ಗ್ಯಾಸ್ ಸೋರಿ ಸುಟ್ಟುಹೋದಳಂತೆ. ಅಂದಿನಿಂದ ಅವರಮ್ಮ ಮಲಗುವ ಮುಂಚೆ ಸಿಲಿಂಡರ್ ಮುಚ್ಚಿದೆಯಾ ಎಂದು ಕೇಳದ ರಾತ್ರಿಯಿಲ್ಲ. "ನಿಮ್ಮನ್ನ ಉಳಿಸೋಕೆ ಅಂತ ಕಲಿತದ್ದು ರೀ," ಎಂದು ಗಂಡನ ಶಾಲಿನ ಅಂಚು ಹಿಡಿದರು.

"ತಪ್ಪು ನಂದೂ ಇದೆ ಆಂಟಿ," ಅಂದ ರಕ್ಷಿತ್. "ಒಲೆಗೊಂದು, ಹೀಟರಿಗೊಂದು, ಎರಡು ವಾಲ್ವು ಇಡಬೇಕಿತ್ತು. ಗಾಡಿ ಅಳತೆ ತಗೊಂಡೆ, ಕಾಡಿನ ದಾರಿ ನೋಡ್ಕೊಂಡೆ. ಒಳಗೆ ಅಡುಗೆ ಮಾಡೋರು ಹೇಗೆ ಮಾಡ್ತಾರೆ ಅಂತ ಕೇಳಲೇ ಇಲ್ಲ."

ಪ್ರಕಾಶರು ಬಾಗಿಲ ಕಡೆ ನೋಡದೆಯೇ, "ಮತ್ತೆ ಆ ರಾತ್ರಿಗಳು ನೀನೆಲ್ಲಿದ್ದೆಯಪ್ಪಾ?" ಎಂದರು.

ಡಾಕ್ಟರಮ್ಮ ನನ್ನ ಮುಖ ನೋಡಿದರು. ಅದು ಕುಶಾಲನ ಬಾಯಿಂದಲೇ ಬರಲಿ ಎಂದು ನಾನು ತಲೆ ತಗ್ಗಿಸಿದೆ.

"ಗಾಡಿ ಮುಂದಿನ ಸೀಟಲ್ಲಿ, ಮಾವ," ಅಂದ ಕುಶಾಲ್. "ಟೆಂಟಲ್ಲಿ ಅರ್ಧ ಗಂಟೆಯೂ ಚಳಿ ತಡೀಲಿಲ್ಲ. ಬೀರು ಅಂತ ನಕ್ಕು ಬಂದವನು, ಬಾಗಿಲು ತಟ್ಟಿ ಒಳಗೆ ಸೇರಿಸ್ಕೊಳ್ಳಿ ಅಂತ ಹೆಂಗೆ ಕೇಳಲಿ?"

"ಅದನ್ನ ಐದು ದಿನದಿಂದ ನನಗೂ ಹೇಳೋಕಾಗ್ಲಿಲ್ವಾ?" ಅಂದಳು ರಿಯಾ. "ಯೂ ಈಡಿಯಟ್." ಅವಳ ಕಣ್ಣು ತುಂಬಿತ್ತು.

ಪ್ರಕಾಶರು ಕೆಮ್ಮಿದರು. ಮೊದಲ ರಾತ್ರಿಯೇ ತನಗೂ ಚಳಿಯಾಗಿತ್ತು ಎಂದರು. ಬೆಳಗಾದ ಮೇಲೆ ಹೇಳಿದ್ದರೆ ರಕ್ಷಿತ್ ಅಂದೇ ನೋಡುತ್ತಿದ್ದ. ಟ್ರೇಲರೇ ಸರಿ ಅಂತ ಅಳಿಯ ಅಂದುಬಿಡುತ್ತಾನಲ್ಲ ಎಂದು ಹಲ್ಲು ಕಚ್ಚಿ ಇನ್ನೊಂದು ರಾತ್ರಿ ಮಲಗಿದ್ದರು. ಅದನ್ನು ಯಾರೂ ಪತ್ತೆ ಮಾಡಿರಲಿಲ್ಲ, ಡಾಕ್ಟರಮ್ಮನೂ.

"ಟ್ರೇಲರೇ ತಗೊಳ್ಳೋಣ ಬಿಡು," ಅಂದರು ಪ್ರಕಾಶರು.

"ಬೇಡ ಮಾವ. ಆ ಹಳ್ಳ ದಾಟೋ ಜಾಗದಲ್ಲಿ, ಓಕ್ ಮರದ ಕೊಂಬೆಗಳ ಕೆಳಗೆ, ಟ್ರೇಲರ್ ಹೋಗ್ತಿರಲಿಲ್ಲ. ಹೋಗ್ತಾನೇ ನೋಡಿದೆ, ಹೇಳಲಿಲ್ಲ ಅಷ್ಟೆ. ನಿಮ್ಮ ಗಾಡಿಯೇ ಸರಿ."

ಪ್ರಕಾಶರು ಶಾಲನ್ನು ಮೈಗೆ ಎಳೆದುಕೊಂಡು ಕಿಟಕಿಯ ಕಡೆಗೆ ಒತ್ತಿ ಕೂತರು. ಬೆಂಚಿನ ಮೇಲೆ ಒಂದು ಗೇಣು ಜಾಗವಾಯಿತು. ಸಾಲದೆಂದು ನಾನೂ ಒತ್ತಿ ಕೂತೆ.

"ಬಾಗಿಲು ಹಾಕ್ಕೊಂಡು ಬಂದು ಕೂರು," ಅಂದರು ಅಳಿಯನಿಗೆ. "ಚಳಿ ಬರ್ತಿದೆ."