ಅಕ್ಕನ ಜಪಾನಿ ಗಿಟಾರು

“ತಂತಿ ಬದಲಾಯಿಸೋದಾದ್ರೆ ಒಂದೊಂದೇ ಬದಲಾಯಿಸು. ಒಂದು ಬಿಚ್ಚು, ಹೊಸದು ಹಾಕು, ಬಿಗಿ ಮಾಡು, ಆಮೇಲೆ ಇನ್ನೊಂದು. ಆರನ್ನೂ ಒಟ್ಟಿಗೆ ಬಿಚ್ಚಬೇಡ. ಅದರ ಕುತ್ತಿಗೆ ಯಾವತ್ತೂ ಬರಿದಾಗಬಾರದು.”

ಅಕ್ಕ ಇದನ್ನು ಹೇಳುವಾಗ ಗುಬ್ಬಿಯ ಮುಖ ನೋಡಲಿಲ್ಲ. ಗೋಡೆಯ ಮೇಲೆ ತೂಗುತ್ತಿದ್ದ ಗಿಟಾರನ್ನೇ ನೋಡುತ್ತಿದ್ದಳು.

“ಕುತ್ತಿಗೆ ಬಾಗುತ್ತೆ ಅಂತಾನಾ? ಜಪಾನಿನಲ್ಲಿ ಮಾಡಿದ್ದು ಕಣಕ್ಕ, ಅಷ್ಟಕ್ಕೆಲ್ಲ ಬಾಗಲ್ಲ.”

“ಬಾಗೋ ವಿಷಯ ಅಲ್ಲ. ಅದರೊಳಗೆ ಒಂದು ಕಟ್ಟು ಇದೆ. ಒಂದಾದ್ರೂ ತಂತಿ ಬಿಗಿಯಾಗಿರೋವರೆಗೆ ಮಲಗಿರುತ್ತೆ.”

ಗುಬ್ಬಿ ಕಿಸಕ್ಕನೆ ನಕ್ಕಳು. “ಗಿಳಿಯೊಳಗೆ ಜೀವ ಬಚ್ಚಿಟ್ಟ ರಾಕ್ಷಸಿ ಕತೆ ಕೇಳಿದ್ದೆ. ಗಿಟಾರಿನೊಳಗೆ ಬಚ್ಚಿಟ್ಟವಳು ನೀನೇ ಮೊದಲು.”

“ಹೇಳೋದು ಹೇಳಿದ್ದೀನಿ,” ಎಂದು ಅಕ್ಕ ಎಡಗೈಯನ್ನು ಶಾಲಿನೊಳಗೆ ಎಳೆದುಕೊಂಡಳು.

ಅಕ್ಕ ಎಂದರೆ ಗುಬ್ಬಿಯ ದೊಡ್ಡಮ್ಮನ ಮಗಳು. ಒಂದು ಕಾಲಕ್ಕೆ ಅವಳ ಗಿಟಾರು ಕೇಳಲು ಜನ ಬಾಗಿಲಲ್ಲಿ ನಿಂತೇ ರಾತ್ರಿ ಕಳೆಯುತ್ತಿದ್ದರು. ಆಮೇಲೆ ಅವಳ ಎಡಗೈಯ ನಾಲ್ಕು ಬೆರಳುಗಳು ಒಂದೊಂದಾಗಿ ಸ್ಪರ್ಶ ಕಳೆದುಕೊಂಡವು. ನರ ಸತ್ತಿವೆ ಎಂದರು ವೈದ್ಯರು. ಅವಳ ತಂಡಕ್ಕೆ ಗಿಟಾರು ನುಡಿಸುವವರು ಬೇಕಾಗಿದ್ದರು. ಹೀಗೆ ಗುಬ್ಬಿ, ಒಂದು ಚೀಲ ಮತ್ತು ಎರಡು ಚುರುಕು ಕೈಗಳೊಂದಿಗೆ, ಆ ಮನೆಗೆ ಬಂದಿಳಿದಳು.

ಅಭ್ಯಾಸದ ಕೋಣೆ ಮನೆಯ ನೆಲಮಾಳಿಗೆಯಲ್ಲಿತ್ತು. ಸದ್ದು ಹೊರಗೆ ಹೋಗದಂತೆ ಗೋಡೆಗೆಲ್ಲ ದಪ್ಪ ಕಂಬಳಿ ಬಡಿದಿದ್ದರು. ಹಾಡುಹಗಲಲ್ಲೂ ಅಲ್ಲಿ ಕತ್ತಲೆ. ಹಳೆಯ ಉಣ್ಣೆಯ, ಬಿಸಿಯಾದ ವೈರಿನ, ಯಾರದೋ ತಲೆಗೂದಲ ಎಣ್ಣೆಯ ವಾಸನೆ.

ಮತ್ತೆ ಆ ಗಿಟಾರು. ನಡುವೆ ಜೇನಿನ ಬಣ್ಣ, ಅಂಚಿಗೆ ಬರುತ್ತ ಬರುತ್ತ ಕಪ್ಪು. ಬಣ್ಣದ ಪದರ ಎಷ್ಟು ತೆಳುವೆಂದರೆ ಕೆಳಗಿನ ಮರದ ನಾರು ಉಸಿರಾಡುವಂತೆ ಕಾಣುತ್ತಿತ್ತು. ಕುತ್ತಿಗೆಗೆ ಅಡ್ಡವಾಗಿ ಕೂರಿಸಿದ ಲೋಹದ ಫ್ರೆಟ್ಟುಗಳ ತುದಿಗಳನ್ನು ಯಾರೋ, ಎಲ್ಲೋ ದೂರದ ಕಾರ್ಖಾನೆಯಲ್ಲಿ, ಒಂದೊಂದನ್ನೇ ಅರದಿಂದ ಉಜ್ಜಿ ದುಂಡಗೆ ಮಾಡಿದ್ದರು. ಅಂಗೈ ಜಾರಿಸಿದರೆ ಎಲ್ಲೂ ಒಂದು ಚೂರು ತಡೆಯುತ್ತಿರಲಿಲ್ಲ. ಗುಬ್ಬಿಯ ಹಳೆಯ ಗಿಟಾರು ಕೈಯನ್ನು ಕೆರೆಯುತ್ತಿತ್ತು. ಇದು ಕೈಯನ್ನು ಹಿಡಿದುಕೊಳ್ಳುತ್ತಿತ್ತು. ಮೊದಲ ಸಲ ನುಡಿಸಿದಾಗ, ಇಷ್ಟು ದಿನ ಬೇರೆಯವರ ಚಪ್ಪಲಿಯಲ್ಲಿ ನಡೆಯುತ್ತಿದ್ದೆನೇನೋ ಎನಿಸಿ ಅವಳ ಕಣ್ಣು ತುಂಬಿತ್ತು.

ಆದರೆ ಅದು ಅಕ್ಕನದು. ಕುತ್ತಿಗೆಯ ಮರದಲ್ಲಿ ತಂತಿಗಳ ನಡುವೆ ಸಣ್ಣ ಸಣ್ಣ ಗುಳಿ ಬಿದ್ದಿದ್ದವು, ಅಕ್ಕನ ಬೆರಳು ತೋಡಿದ ಗುಳಿಗಳು. ಗುಬ್ಬಿಯ ಬೆರಳು ತಾನಾಗಿ ಜಾರಿ ಅಲ್ಲೇ ಹೋಗಿ ಬೀಳುತ್ತಿತ್ತು.

ಧ್ವನಿಮುದ್ರಣಕ್ಕೆ ಹಿಂದಿನ ದಿನ ಅಭ್ಯಾಸ ಮುಗಿದಾಗ, ತಂಡದವರೆಲ್ಲ ಗುಡುಗು ಎಂದು ಕರೆಯುತ್ತಿದ್ದ ಡ್ರಮ್ಮಿನವನು ಬೆವರು ಒರೆಸಿಕೊಳ್ಳುತ್ತ ಅಂದ: “ಕಣ್ಣು ಮುಚ್ಕೊಂಡು ಕೇಳಿದ್ರೆ ನಿಮ್ಮಕ್ಕನೇ ನುಡಿಸಿದ ಹಾಗಿತ್ತು ಕಣೇ.”

“ಹಾಗಾದ್ರೆ ಕಣ್ಣು ಬಿಟ್ಕೊಂಡು ಕೇಳು.”

“ಅಯ್ಯೋ, ಹೊಗಳಿದ್ರೂ ಕುಕ್ತೀಯಲ್ಲ. ಗುಬ್ಬಿ ಅಂತ ಹೆಸರಿಟ್ಟವರು ಹದ್ದು ಅಂತ ಇಡಬೇಕಿತ್ತು.”

ಅವನು ಹೋದ ಮೇಲೂ ಆ ಮಾತು ಎದೆಯಲ್ಲಿ ಕೆಂಡದ ಹಾಗೆ ಕೂತಿತ್ತು. ನಾಳೆ ಅವಳ ಮೊದಲ ಧ್ವನಿಮುದ್ರಣ. ಜೀವಮಾನವಿಡೀ ಉಳಿಯುವ ಸದ್ದು. ಅದರಲ್ಲೂ ಅಕ್ಕನೇ ಕೇಳಿಸಬೇಕೇ? ಕೈ ಬಿದ್ದುಹೋದವಳು, ಮೇಲಿನ ಕೋಣೆಯಲ್ಲಿ ಶಾಲು ಹೊದ್ದು ಕೂತವಳು, ಇನ್ನೂ ಈ ಮರದೊಳಗೆ ಕಾಲು ಚಾಚಿಕೊಂಡು ಮಲಗಿರಬೇಕೇ?

ಒರೆಸಿ ಹಾಕುತ್ತೇನೆ ಎಂದುಕೊಂಡಳು. ಅಕ್ಕನ ಎಣ್ಣೆ, ಅಕ್ಕನ ಬೆವರು, ಎಲ್ಲವನ್ನೂ.

ಬಿರಡೆಗಳನ್ನು ಸಡಿಲಿಸಿದಳು. ಒಂದು ತಂತಿ ಬಂತು. ಇನ್ನೊಂದು. ಕೊನೆಯದು ಬಿಟ್ಟುಕೊಡುವಾಗ ನಿಟ್ಟುಸಿರಿನಂಥ ಸದ್ದು ಮಾಡಿತು. ಮೂಲೆಯಲ್ಲಿದ್ದ, ಗಿಟಾರಿನ ಸದ್ದು ಹಿಗ್ಗಿಸುವ ಆಂಪಿನ ಗುಂಯ್‌ಗುಡುವಿಕೆ ನಿಂತುಹೋಯಿತು. ಅದನ್ನು ಯಾರೂ ಆರಿಸಿರಲಿಲ್ಲ.

ಎಣ್ಣೆಬಟ್ಟೆಯಿಂದ ಕುತ್ತಿಗೆ ಉಜ್ಜುತ್ತ ಕೆಳಗೆ ಬಂದಳು. ಕುತ್ತಿಗೆ ಬಂದು ಒಡಲಿಗೆ ಕೂಡುವ ಜಾಗದಲ್ಲಿ ಕಾಗದವೂ ತೂರದಷ್ಟು ಬಿಗಿಯಾದ ಜೋಡಣೆ. ಆ ಸಂದಿಯಿಂದ ಒಂದು ಉದ್ದನೆಯ ಕೂದಲು ಹೊರಗೆ ಇಣುಕಿತ್ತು. ಎಳೆದಳು. ಬರಲಿಲ್ಲ. ಅದು ಒಳಗಿನಿಂದ, ಮೆಲ್ಲಗೆ, ತಿರುಗಿ ಎಳೆಯಿತು.

ಹೆದರಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಸ್ಕ್ರೂ ಬಿಚ್ಚಿದಳು. ಕುತ್ತಿಗೆ ಕಳಚಿ ಬಂತು.

ಒಳಗಿನ ಗುಳಿಯಲ್ಲಿ, ಮೇಣ ಹಚ್ಚಿ ಸುತ್ತಿದ ಕೂದಲಿನ ಉಂಡೆ. ಮುಚ್ಚಿಟ್ಟ ಬಾಯಿಯ ವಾಸನೆ. ಎಡಗೈಯ ಉಗುರಿನಿಂದ ಬಿಡಿಸಿದಳು. ಒಳಗೆ ನಾಲ್ಕು ಉಗುರಿನ ಚೂರುಗಳಿದ್ದವು. ಬಿಸಿಯಾಗಿದ್ದವು. ಆಗಷ್ಟೇ ಕತ್ತರಿಸಿದ ಹಾಗೆ.

“ಥೂ, ಕೊಳಕಿ,” ಎಂದು ನಕ್ಕು ಎಲ್ಲವನ್ನೂ ಕಸದ ಬುಟ್ಟಿಗೆ ಎಸೆದಳು. ಕಂಬಳಿ ಹೊದ್ದ ಕೋಣೆ ಆ ನಗುವನ್ನು ನುಂಗಿತು. ಮೇಲಿನ ಮಹಡಿಯಲ್ಲಿ ಯಾರೋ ನೆಲದ ಮೇಲೆ ಬೆರಳು ಬಡಿದರು. ಮೊದಲು ತಡವರಿಸುತ್ತ. ಆಮೇಲೆ ಸರಾಗವಾಗಿ.

ಮರುದಿನ ಬೆಳಿಗ್ಗೆ ಎಡಗೈಯಲ್ಲಿ ಚಹಾದ ಲೋಟ ಹಿಡಿದಾಗ ಅವಳಿಗೆ ಬಿಸಿ ತಗಲಲಿಲ್ಲ. ನಿದ್ದೆಯಲ್ಲಿ ಕೈ ಮಡಚಿಕೊಂಡಿರಬೇಕು ಎಂದುಕೊಂಡಳು. ರಾತ್ರಿಯೇ ಕುತ್ತಿಗೆ ಮತ್ತೆ ಕೂರಿಸಿ ಬಿಗಿದಿದ್ದ ಹೊಸ ತಂತಿಯ ಮೇಲೆ ಸ್ಟುಡಿಯೋದಲ್ಲಿ ಬೆರಳಿಟ್ಟಳು. ಒತ್ತಿದಳು. ಏನೂ ಇಲ್ಲ. ಮತ್ತೆ ಒತ್ತಿದಳು. ಬೇರೆ ಯಾರದೋ ಬೆರಳುಗಳನ್ನು ತನ್ನ ಕೈಗೆ ಹೊಲಿದ ಹಾಗೆ ಅವು ಜೋತುಬಿದ್ದಿದ್ದವು.

“ಏನಾಯ್ತೇ?” ಎಂದ ಗುಡುಗು. ಅವಳು ಬಾಯಿ ತೆರೆಯುವ ಮೊದಲೇ ಅಕ್ಕ ಒಳಗೆ ಬಂದಳು. ಶಾಲು ಇರಲಿಲ್ಲ.

“ಇಲ್ಲಿ ಕೊಡು,” ಎಂದು ಅಕ್ಕ ಗಿಟಾರಿಗೆ ಎಡಗೈ ಚಾಚಿದಳು. ಬೆರಳುಗಳು ಒಂದೊಂದಾಗಿ ಅರಳಿದವು.

ಗುಡುಗು ದಂಗಾದ. “ಅಕ್ಕಾ, ನಿನ್ನ ಕೈ...”

“ಬಂತು ಕಣೋ.” ಆಮೇಲೆ ಅವಳು ಬಗ್ಗಿ, ಗುಬ್ಬಿಗೆ ಮಾತ್ರ ಕೇಳುವಂತೆ, ಕೂಸಿಗೆ ಲಾಲಿ ಹೇಳುವ ದನಿಯಲ್ಲಿ ಅಂದಳು: “ನನ್ನ ಬೆರಳಿನ ಸಾವನ್ನ ಅದರೊಳಗೆ ಕಟ್ಟಿಟ್ಟಿದ್ದೆ. ಕಟ್ಟಿದವರು ಬಿಚ್ಚೋ ಹಾಗಿಲ್ಲ ಪುಟ್ಟಿ. ಬೇಡ ಅಂತ ಕೇಳಿಸ್ಕೊಂಡೂ ಬಿಚ್ಚೋವರು ಬೇಕು. ನಿನ್ನ ಹೊಟ್ಟೆಕಿಚ್ಚಿನ ಮೇಲೆ ನಂಗೆ ಅಷ್ಟು ನಂಬಿಕೆ ಇತ್ತು.”

“ನಿಂಗೆ ನಾನು ಏನು ಮಾಡಿದ್ದೆ?”

“ನೀನು ನುಡಿಸಿದ್ದು ಆ ಕಂಬಳಿ ದಾಟಿ ಕೆಳಗಿಂದ ಕೇಳಿಸ್ತಿತ್ತು. ದಿನಾ.”

ಗುಬ್ಬಿಯನ್ನು ಸ್ಟುಡಿಯೋದ ಗಾಜಿನ ಗೋಡೆಯ ಈಚೆ, ಧ್ವನಿ ಹಿಡಿಯುವವನ ಪಕ್ಕದಲ್ಲಿ ಕೂರಿಸಿದರು. ಆಚೆ ಕೆಂಪು ದೀಪ ಹತ್ತಿತು. ಅಕ್ಕ ನುಡಿಸಿದಳು.

ಸ್ವರವನ್ನು ಕೊನೆಯಲ್ಲಿ ತುಸು ಬೀಳಲು ಬಿಟ್ಟು, ನೆಲ ಮುಟ್ಟುವ ಮೊದಲೇ ಹಿಡಿಯುವ ಒಂದು ಬಿಕ್ಕು ಇತ್ತು. ಅದು ಅಕ್ಕನದಲ್ಲ. ಯಾರೂ ಕಲಿಸಿದ್ದಲ್ಲ. ಗುಬ್ಬಿ ತನ್ನ ಒರಟು ಗಿಟಾರಿನಲ್ಲಿ ಬೆರಳು ಒಡೆದುಕೊಂಡು ತಾನೇ ಕಂಡುಕೊಂಡದ್ದು. ಈಗ ಅದು ಗಾಜಿನ ಆಚೆಯಿಂದ ಬರುತ್ತಿತ್ತು, ತಪ್ಪಿಲ್ಲದೆ, ಅವಳು ಎಂದೂ ನುಡಿಸದಷ್ಟು ಚೆನ್ನಾಗಿ.

“ಆಹಾ, ಎಂಥಾ ಕೈ,” ಎಂದು ಧ್ವನಿ ಹಿಡಿಯುವವನು ಕಣ್ಣು ಮುಚ್ಚಿದ.

ಗುಬ್ಬಿ ತೊಡೆಯ ಮೇಲಿದ್ದ ಎಡಗೈ ನೋಡಿಕೊಂಡಳು. ಸತ್ತ ಬೆರಳುಗಳು ಕುಣಿಯುತ್ತಿದ್ದವು. ಅಕ್ಕ ಒತ್ತಿದಲ್ಲಿ ಒತ್ತುತ್ತ. ಅಕ್ಕ ಜಾರಿದಲ್ಲಿ ಜಾರುತ್ತ. ಬಲಗೈಯಿಂದ ಅವನ್ನು ಅಮುಕಿ ಹಿಡಿದಳು.

ಗಾಜಿನ ಆಚೆ ಒಂದು ಸ್ವರ ತಪ್ಪಿತು.

ಅಕ್ಕ ತಲೆಯೆತ್ತಿದಳು. ಇಬ್ಬರ ಕಣ್ಣು ಕೂಡಿತು. ಗುಬ್ಬಿ ಕೈ ಬಿಟ್ಟಳು. ಸ್ವರ ಸರಿಯಾಯಿತು. ಸುಂದರವಾಯಿತು. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಅವಳು ಎದ್ದಳು. ಸ್ಟುಡಿಯೋದ ಬಾಗಿಲು ಸದ್ದು ತಡೆಯಲೆಂದೇ ಮಾಡಿದ್ದು. ಎರಡು ಹಲಗೆಗಳ ನಡುವೆ ಸೀಸ ತುಂಬಿದ್ದು. ಅದನ್ನು ಅಗಲಕ್ಕೆ ತೆರೆದಳು. ಎಡಗೈಯನ್ನು ಚೌಕಟ್ಟಿನ ಮೇಲೆ ಚಾಚಿಟ್ಟಳು. ಬೆರಳುಗಳು ಅಲ್ಲೂ ನುಡಿಸುತ್ತಿದ್ದವು. ಒಳಗೆ ಅಕ್ಕ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು. ಬೆರಳು ನಿಲ್ಲಿಸಲು ಅವಳಿಗೂ ಆಗುತ್ತಿರಲಿಲ್ಲ.

ಗುಬ್ಬಿ ಬಾಗಿಲನ್ನು ಮೈಭಾರವೆಲ್ಲ ಹಾಕಿ ಎಳೆದುಕೊಂಡಳು.

ನೋವಾಗಲಿಲ್ಲ. ಕೂಗು ಗಾಜಿನ ಆಚೆಯಿಂದ ಬಂತು.