ಕುಷ್ಟನ ಸ್ವರ

"ಬಾಗ್ಲ್ ಹಾಯ್ಕಂಡ್ ಒಳ್ಗೆ ಮಾತಾಡ್ಬೇಡಿ ಅಮ್ಮ. ನಿಮ್ ಸ್ವರ ಅಲ್ಲೇ ಉಳಿತ್ತ್."

ಎನ್ನುತ್ತ ಬಾಗಿ ಎಂಬ ಮುದುಕಿ ಬೀಗದ ಕೈ ಕೊಟ್ಟಳು. ಪ್ರಣೀತಾ ನಕ್ಕುಬಿಟ್ಟಳು. ಬ್ರಹ್ಮಾವರದ ಕಡೆಯವರ ಮಗಳು, ಬೆಳೆದದ್ದು ಮುಂಬೈ. ಹಾಡುವ ದನಿಯನ್ನು ಒಡೆದು ಒರಟುಗೊಳಿಸುವ ಆಡಿಯೋ ಪ್ಲಗಿನ್ ಎಂಬ ಪುಟ್ಟ ತಂತ್ರಾಂಶಗಳನ್ನು ಬರೆಯುವುದು ಅವಳ ಕಸುಬು. ಈ ಸಲದ್ದರಲ್ಲಿ ಗಾಯಕರ ದನಿ ಏರಿದಂತೆ ಜೊತೆಗೊಂದು ಗೊರಗೊರ ಸದ್ದೂ ಏರಬೇಕು, ಇಳಿದಂತೆ ಇಳಿಯಬೇಕು. ಆ ಸದ್ದನ್ನು ಹುಡುಕಿಕೊಂಡೇ ಗಂಗೊಳ್ಳಿಯ ಈ ಮುಚ್ಚಿದ ಐಸ್ ಪ್ಲಾಂಟಿಗೆ ಬಂದಿದ್ದಳು.

ಕತೆಯನ್ನು ಬಾಗಿಯೇ ಹೇಳಿದ್ದಳು. ಅವಳ ಗಂಡ ಕುಷ್ಟ ಇಲ್ಲಿ ಕೆಲಸಕ್ಕಿದ್ದ. ಪ್ಲಾಂಟಿನ ಮಾಲೀಕನ ಬೋಟು ಮುಳುಗಿ ಮೂವರು ಸತ್ತಾಗ ಅವನ ವಿರುದ್ಧ ಸಾಕ್ಷಿ ಹೇಳಲು ಹೊರಟ. ಹಿಂದಿನ ದಿನ ಯಾರೋ ಕೋಲ್ಡ್ ರೂಮಿನ ಹೊಸ್ತಿಲಡಿ ಮೊಳೆ ಹೊಡೆದ ತೆಂಗಿನಕಾಯಿ ಹುಗಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡವನು ಮೂಕನಾಗಿ ಹೊರಬಂದ, ಹಾಗೇ ಸತ್ತ. ಇನ್ನೊಬ್ಬರ ಸ್ವರ ಸಿಕ್ಕಿಬಿದ್ದರೆ ಮಾತ್ರ ಅವನದ್ದಕ್ಕೆ ಬಿಡುಗಡೆಯಂತೆ.

ಪ್ರಣೀತಾ ಕೋಲ್ಡ್ ರೂಮಿನ ಬಾಗಿಲು ಮುಚ್ಚದಂತೆ ಕಲ್ಲು ಕೊಟ್ಟು ಒಳಹೊಕ್ಕಳು. ಅಮೋನಿಯಾದ ಘಾಟು, ಕೊಳೆತ ಮೀನಿನ ವಾಸನೆ ಗಂಟಲಿಗೆ ಹತ್ತಿತು. ಕತ್ತಲು ಒದ್ದೆ ಗೋಣಿಯಂತೆ ಮೈಗಂಟಿತು. ತುಕ್ಕು ಹಿಡಿದ ಕೊಳವೆಗಳೊಳಗೆ ಏನೋ ಗೊರಗೊರ ಎನ್ನುತ್ತಿತ್ತು. "ಹ್ವಾಯ್ ಕುಷ್ಟಣ್ಣಾ, ಇದ್ದೀರಾ?" ಎಂದು ಕೂಗಿ, ನಕ್ಕು, ಹತ್ತು ನಿಮಿಷ ರೆಕಾರ್ಡ್ ಮಾಡಿಕೊಂಡು ಬಂದಳು.

ಹೊರಗಿನ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಆ ಸದ್ದನ್ನು ಪ್ಲಗಿನ್ನಿಗೆ ಸೇರಿಸಿದಳು. ಯಾವ ದನಿಯನ್ನೂ ಇನ್ನೂ ಕೊಟ್ಟಿರಲಿಲ್ಲ. ಆದರೂ ಗೊರಗೊರ ಏರಿತು, ಇಳಿಯಿತು, ತಡೆಯಿತು, ಮತ್ತೆ ಏರಿತು. ಯಾರೋ ಮಾತಾಡುವ ಹಾಗೆ. ತಾನು ಬರೆದ ಕೋಡಿನಲ್ಲೇ ತಪ್ಪಿರಬೇಕೆಂದು ಸಾಲು ಸಾಲಾಗಿ ನೋಡಿದಳು. ತಪ್ಪಿರಲಿಲ್ಲ. ತಮಾಷೆಗೆಂದು ಹೆಡ್‌ಫೋನನ್ನು ಬಾಗಿಯ ಕಿವಿಗಿಟ್ಟಳು.

ಬಾಗಿಯ ಮುಖ ಬಿಳಿಚಿತು. "ಇದ್ ನಮ್ಮನಿಯವ್ರ್," ಎಂದಳು. ಎಷ್ಟೋ ಹೊತ್ತು ಹೆಡ್‌ಫೋನ್ ಬಿಟ್ಟುಕೊಡಲಿಲ್ಲ.

"ತೆರೆದ ಬಾಗಿಲಿಂದ ಬೋಟಿನ ಇಂಜಿನ್ ಸದ್ದೂ ಸೇರಿಬಿಟ್ಟಿದೆ ಬಾಗಕ್ಕ. ಇನ್ನೊಮ್ಮೆ ಮಾಡಬೇಕು," ಎಂದಳು ಪ್ರಣೀತಾ.

"ಹಾಂಗಾರೆ ಬಾಗ್ಲ್ ಹಾಯ್ಕಣಿ. ಸಮಾ ಸಿಕ್ಕತ್ತ್." ಬಾಗಿ ಅವಳ ಮುಖ ನೋಡಲಿಲ್ಲ. ಪ್ರಣೀತಾಳಿಗೆ ಮೈಕಿನದೇ ಧ್ಯಾನ.

ಒಳಗೆ ಹೋದಳು. ಬಾಗಿಲು ಮುಚ್ಚಿತು. ಹೊರಗೆ ಚಿಲಕ ಬಿತ್ತು.

"ಬಾಗಕ್ಕಾ! ಚಿಲಕ ಯಾಕೆ..."

ಮಾತು ತುಟಿಯಲ್ಲೇ ತುಂಡಾಯಿತು. ಉಳಿದದ್ದು ಬರೀ ಉಸಿರಿನ ಸುಂಯ್. ಮತ್ತೆ ಕೂಗಿದಳು. ಕತ್ತಿನ ನರ ಉಬ್ಬಿತು. ದನಿಯಿಲ್ಲ. ಕೊಳವೆಗಳೊಳಗಿನ ಗೊರಗೊರ ಮಾತ್ರ ಅವಳ ಕೂಗಿನ ಅಳತೆಗೇ ಏರಿತು. ಇಳಿಯಿತು. ಮೊಬೈಲ್ ಜಗಲಿಯಲ್ಲಿತ್ತು. ಬಾಗಿಲು ಗುದ್ದಿದಳು. ಗುದ್ದಿದಳು. ಕೈ ಸುಲಿಯಿತು.

ಹೊರಗೊಂದು ಗಂಡು ಸ್ವರ ಕೆಮ್ಮಿತು.

"ಬಾಗೀ, ಎಂತ ಮಾಡ್ದೆ? ಆ ಹೆಣ್ಣನ್ನ್ ಬಿಡ್."

ಬಾಗಿ ಬಿಕ್ಕಿದ್ದು ಕೇಳಿಸಿತು. "ಬಿಡ್ತೆ. ಇನ್ನೊಂಚೂರ್ ಮಾತಾಡಿ. ಕಡಿಗ್ ಬಿಡ್ತೆ."

ಸ್ವರ ಗದರಿತು. ಬೇಡಿಕೊಂಡಿತು. ಬಾಗಿ ಚಿಲಕ ಮುಟ್ಟಲಿಲ್ಲ. "ಮಗ್ಳ್ ಮದಿ ಆಯ್ತ್. ನೀವ್ ಕಾಂಬುಕೆ ಇರ್ಲಿಲ್ಲ," ಎಂದು ಮದುವೆಯ ಸುದ್ದಿ ಹೇಳತೊಡಗಿದಳು. ಸ್ವರ ಮೆಲ್ಲಗೆ ಕೇಳಿತು: "ಯಾವ್ ಊರಿಗ್ ಕೊಟ್ಟೆ?"

ಬಾಗಿಲ ಸಂದಿನ ಬೆಳಕು ಕೆಂಪಾಯಿತು. ಮಾಸಿತು. ಪ್ರಣೀತಾ ನೆಲಕ್ಕೆ ಕುಸಿದು ಗುದ್ದುತ್ತಲೇ ಇದ್ದಳು. ಹೊರಗೆ ಗಂಡ ಹೆಂಡತಿ ಇನ್ನೂ ಮಾತಾಡುತ್ತಿದ್ದರು.